ಒಲೆಯಿದ್ದ ಜಾಗ

ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: ಇದ್ದುದರಲ್ಲಿ ಕಡಿಮೆ ಬಿಸಿಯಾಗುವ ಕಾರ್ಡ್ ಯಾವುದು?

ಆ ವರ್ಷ ಸೈಬೀರಿಯಾದ ಇರ್ಕುತ್ಸ್ಕ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳುತ್ತಿದ್ದವರಲ್ಲಿ ಕಂಪ್ಯೂಟರ್ ಆಟವಾಡುವ ಹುಡುಗರು ಕಡಿಮೆ, ಮನೆಯಲ್ಲೇ ಮಷೀನು ಕಟ್ಟಿ ಕ್ರಿಪ್ಟೊ ನಾಣ್ಯ ಗಳಿಸುವ ಹುಚ್ಚು ಹತ್ತಿದವರೇ ಹೆಚ್ಚು. ಕರೆಂಟು ಅಗ್ಗದ ಸೀಮೆ. ಬಾಲ್ಕನಿ, ಗ್ಯಾರೇಜು, ಆಲೂಗಡ್ಡೆ ತುಂಬುವ ನೆಲಮಾಳಿಗೆ, ಎಲ್ಲೆಂದರಲ್ಲಿ ಕಾರ್ಡುಗಳು ಹಗಲೂ ರಾತ್ರಿ ಲೆಕ್ಕ ಹಾಕುತ್ತ ಬಿಸಿ ಕಾರುತ್ತಿದ್ದವು. ಆ ಬಿಸಿಯನ್ನು ಹೊರಗೆ ಅಟ್ಟುವುದೇ ಎಲ್ಲರ ತಲೆನೋವು. ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಕೌಂಟರಿನಲ್ಲಿ ನಿಲ್ಲುತ್ತಿದ್ದ ಎರ್ಜೆನಾ ಆ ತಲೆನೋವಿಗೆ ಮದ್ದು ಹೇಳಿ ಹೇಳಿ ಬೇಸತ್ತಿದ್ದಳು.

ಅಂಥದ್ದರಲ್ಲಿ ಅಕ್ಟೋಬರಿನ ಒಂದು ಮಧ್ಯಾಹ್ನ ಕುರಿಚರ್ಮದ ಕೋಟಿನ ಎತ್ತರದ ಯುವಕನೊಬ್ಬ ಕೌಂಟರಿನ ಮೇಲೆ ಎರಡೂ ಕೈಯೂರಿ ನಿಂತು, "ಇದ್ರಲ್ಲಿ ಜಾಸ್ತಿ ಬಿಸಿಯಾಗೋದು ಯಾವ್ದು?" ಎಂದ.

ರೂಢಿಯಂತೆ ತಣ್ಣನೆಯ ಕಾರ್ಡಿನತ್ತ ಹೊರಟಿದ್ದ ಅವಳ ಕೈ ನಡುದಾರಿಯಲ್ಲೇ ನಿಂತಿತು.

"ಬಿಸಿ ಬೇಕಿದ್ರೆ ಪಕ್ಕದ ಅಂಗಡೀಲಿ ಹೀಟರ್ ಸಿಗುತ್ತೆ."

"ಹೀಟರ್ ಬರೀ ತಿನ್ನುತ್ತೆ. ಇದು ತಿಂದಿದ್ರಲ್ಲಿ ಚೂರು ವಾಪಸ್ ಕೊಡುತ್ತಂತೆ."

ತಮಾಷೆಗೆ ಬಂದವನಿರಬೇಕು ಎಂದು ಎರ್ಜೆನಾ ಮುಖ ಗಂಟಿಕ್ಕಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಹೆಸರು ಸೊಲ್ಬೊನ್, ಬೋಹಾನ್ ಕಡೆಯ ಹಳ್ಳಿಯೊಂದರಲ್ಲಿ ದನದ ಡಾಕ್ಟರು. ಅವನನ್ನು ಎತ್ತಿ ಬೆಳೆಸಿದ ಅಜ್ಜಿ ಮಾರ್ಫಾ, ಅವನು, ಮತ್ತೆ ಒಂದು ಬೆಕ್ಕು, ಇಷ್ಟೇ ಸಂಸಾರ. ಕರು ಹಾಕುವ ಹಸು ಗಳಿಗೆ ನೋಡಿ ನೋವು ತಿನ್ನುವುದಿಲ್ಲವಲ್ಲ. ಕರೆ ಬಂದರೆ ಇವನು ಮೂರೂರಾಚೆ ಓಡಬೇಕು. ಮರಳಿ ಬರುವಷ್ಟರಲ್ಲಿ ಮನೆಯ ಒಲೆ ಆರಿ, ಬಕೆಟ್ಟಿನ ನೀರಿನ ಮೇಲೆ ಐಸು ಕಟ್ಟಿರುತ್ತದೆ. ಮಂಡಿನೋವಿನ ಅಜ್ಜಿಗೆ ಸೌದೆ ಹೊರಲು ಆಗುವುದಿಲ್ಲ. ತಾನಾಗಿ ಉರಿಯುವ, ಆರದ ಬಿಸಿ ಬೇಕು ಅವನಿಗೆ.

ಎರ್ಜೆನಾಳ ಮುಖದ ಗಂಟು ಸಡಿಲವಾಯಿತು. ಅಜ್ಜಿಯ ಮಂಡಿಗಾಗಿ ಕಾರ್ಡ್ ಕೊಳ್ಳುವ ಗಿರಾಕಿಯನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಅವಳು ಸ್ಟೂಲು ಎಳೆದು ಕೂರಿಸಿ ವಿವರಿಸಿದಳು. ಎಷ್ಟು ಕರೆಂಟು ಎಳೆಯುತ್ತದೋ ಅಷ್ಟೂ ಕೊನೆಗೆ ಬಿಸಿಯೇ ಆಗುತ್ತದೆ. ಆ ಲೆಕ್ಕದಲ್ಲಿ ಒಂದು ಕಾರ್ಡ್ ಹೆಚ್ಚು, ಇನ್ನೊಂದು ಕಡಿಮೆ ಅನ್ನುವುದಿಲ್ಲ. ನೋಡಬೇಕಾದ್ದು, ಆ ಬಿಸಿಯನ್ನು ಕಾರ್ಡ್ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಸಾಯುತ್ತದೋ, ಕೋಣೆಗೆ ಕೊಟ್ಟು ಬದುಕುತ್ತದೋ ಎಂಬುದು. ನಾಣ್ಯಕ್ಕೆಂದೇ ಮಾಡಿದ ಪೆಟ್ಟಿಗೆ ಮಷೀನು ಅಗ್ಗಕ್ಕೆ ಸಿಗುತ್ತದಲ್ಲ ಎಂದು ಅವನು ಕೇಳಿದ. ಅದು ವಿಮಾನದ ಹಾಗೆ ಕಿರುಚುತ್ತದೆ, ಅಜ್ಜಿ ಬೆಕ್ಕು ಇಬ್ಬರೂ ಮನೆ ಬಿಟ್ಟು ಹೋಗುತ್ತಾರೆ ಎಂದು ಇವಳು ಹೇಳಿದಳು. ದಪ್ಪ ಲೋಹದ ಪದರಗಳಿದ್ದು, ದೊಡ್ಡ ಫ್ಯಾನು ಮೆಲ್ಲಗೆ ತಿರುಗುವ ಆರು ಹಳೆಯ ಕಾರ್ಡುಗಳನ್ನು ಅವಳೇ ಆರಿಸಿ ಮುಂದಿಟ್ಟಳು.

ಸೊಲ್ಬೊನ್ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದ, ಫ್ಯಾನನ್ನು ಬೆರಳಿನಿಂದ ಅಲ್ಲಾಡಿಸಿದ, ಮೂಸಿ ಕೂಡ ನೋಡಿದ. ಕರುವಿನ ಬಾಯಿ ಬಿಡಿಸಿ ಹಲ್ಲು ನೋಡುವ ಗತ್ತು ಅದು. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಅವನು ತಲೆಯೆತ್ತಿ ಅದನ್ನು ನೋಡಿಬಿಟ್ಟ. ಅವನ ಕಣ್ಣಿನ ಎರಡೂ ತುದಿಯಲ್ಲಿ ಸಣ್ಣ ನೆರಿಗೆಗಳು ಮೂಡಿದವು.

"ಹಸುವಿಗಾದ್ರೆ ಮೂವತ್ತೊಂಬತ್ತೂವರೆ ದಾಟಿದ್ರೆ ಜ್ವರ ಅಂತೀವಿ," ಎಂದ. "ಇದಕ್ಕೆ?"

"ಅರವತ್ತರ ಆಸುಪಾಸಿದ್ರೆ ಆರೋಗ್ಯ. ಎಂಬತ್ತು ದಾಟಿದ್ರೆ ನಂಗೆ ಫೋನ್ ಮಾಡಿ."

ಅವನು ಎಂಬತ್ತು ದಾಟಲು ಕಾಯಲಿಲ್ಲ. ಮಷೀನು ಕಟ್ಟುವ ಮೊದಲೇ ಶುರುವಾಯಿತು ಫೋನು. ಚೌಕಟ್ಟು ಕಬ್ಬಿಣದ್ದೋ ಮರದ್ದೋ? ಕಾರ್ಡು ಕಾರ್ಡಿನ ನಡುವೆ ಎಷ್ಟು ಜಾಗ? ಹಳೆಯ ಮರದ ಮನೆ, ಈ ವೈರು ತಡೆಯುತ್ತದೋ ಇಲ್ಲವೋ? ವೈರಿನ ಪ್ರಶ್ನೆಗೆ ಅವಳು ಗದರಿಯೇ ಉತ್ತರ ಕೊಟ್ಟಳು: ಕಂಬದಿಂದ ಬೇರೆ ದಪ್ಪ ಲೈನು ಎಳೆಸದೆ ಸ್ವಿಚ್ ಮುಟ್ಟಿದರೆ ಕೈ ಮುರಿಯುತ್ತೇನೆ. ಆಮೇಲೆ ಗಿರಾಕಿಯ ಹತ್ತಿರ ಹೀಗೆ ಮಾತಾಡಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡಳು. ಆ ಕಡೆಯಿಂದ ಬಂದದ್ದು ಮಾತ್ರ ಸಂತೋಷದ ನಗು. ಬಹಳ ದಿನದಿಂದ ಯಾರೂ ಅವನನ್ನು ಗದರಿರಲಿಲ್ಲವಂತೆ.

ನವೆಂಬರಿನಲ್ಲಿ ಅಜ್ಜಿ ಮಂಡಿಯ ಚಿಕಿತ್ಸೆಗೆಂದು ನಗರದಲ್ಲಿದ್ದ ಮಗಳ ಮನೆಗೆ ಬಂದರು. ಅವರು ಮರಳುವುದರೊಳಗೆ ಮನೆ ಬೆಚ್ಚಗಾಗಿರಬೇಕು, ಕಂಡು ಬೆರಗಾಗಬೇಕು ಎಂಬುದು ಸೊಲ್ಬೊನ್‌ನ ಆಸೆ. ಒಂದು ಭಾನುವಾರ ಎರ್ಜೆನಾ, ಅವನು ಕೊಂಡು ಅಂಗಡಿಯಲ್ಲೇ ಬಿಟ್ಟಿದ್ದ ಕಾರ್ಡುಗಳ ಚೀಲವನ್ನು ಎತ್ತಿಕೊಂಡು ಬೋಹಾನ್ ಕಡೆಯ ವ್ಯಾನು ಹತ್ತಿದಳು. ಅಂಗಡಿಯವರು ಗಿರಾಕಿಯ ಮನೆಗೆ ಹೋಗಿ ಮಷೀನು ಕಟ್ಟಿಕೊಡುವ ಪದ್ಧತಿಯೇನೂ ಇರಲಿಲ್ಲ. ಆ ವಿಷಯವನ್ನು ಅವಳು ಅವನಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ.

ಮನೆಯೆಂದರೆ ಒಂದೇ ದೊಡ್ಡ ಕೋಣೆ. ನಟ್ಟನಡುವೆ ಸುಣ್ಣ ಬಳಿದ ಇಟ್ಟಿಗೆಯ ಒಲೆ, ಸುತ್ತ ಮಂಚ, ಮೇಜು, ಕಪಾಟು. ಎರ್ಜೆನಾ ಕೈಯಲ್ಲಿ ಟೇಪು ಹಿಡಿದು ಮೂಲೆ ಮೂಲೆ ಅಳೆದಳು. ಮೂಲೆಯಲ್ಲಿಟ್ಟರೆ ಬಿಸಿ ಮೂಲೆಯಲ್ಲೇ ಸುತ್ತುತ್ತದೆ, ಕಾರ್ಡು ತಾನೇ ಬಿಟ್ಟ ಉಸಿರನ್ನು ತಾನೇ ಎಳೆದುಕೊಂಡು ಕಾಯುತ್ತದೆ. ನಾಲ್ಕೂ ಕಡೆ ಗಾಳಿಯಾಡುವ ಜಾಗ ಇಡೀ ಮನೆಯಲ್ಲಿ ಒಂದೇ.

"ಒಲೆ ತೆಗೆದ್ಬಿಟ್ರೆ ಸರಿಹೋಗುತ್ತೆ," ಎಂದಳು. "ಹೊಗೆಕೊಳವೆ ಇರ್ಲಿ. ಬೇಸಿಗೇಲಿ ಬಿಸಿ ಹೊರಗೆ ಬಿಡೋಕೆ ಆಗುತ್ತೆ."

ಅವನು ಒಲೆಯ ಮೇಲೆ ಅಂಗೈಯಿಟ್ಟ. ಅಜ್ಜಿಯನ್ನು ಒಂದು ಮಾತು ಕೇಳಬೇಕೇನೋ ಎಂದ. ಕೇಳಿದರೆ ಬೆರಗೆಲ್ಲಿ ಉಳಿಯುತ್ತದೆ, ಅವರ ಮಂಡಿಗೇ ಅಲ್ಲವೇ ಇದೆಲ್ಲ ಎಂದಳು ಎರ್ಜೆನಾ. ಅವಳು ಬೆಳೆದದ್ದು ಆರನೇ ಮಹಡಿಯ ಫ್ಲ್ಯಾಟಿನಲ್ಲಿ. ಅಲ್ಲಿ ಬಿಸಿ ಬರುವುದು ಗೋಡೆಯ ಕೊಳವೆಯಿಂದ. ಒಲೆಯೆಂದರೆ ಅವಳ ಲೆಕ್ಕದಲ್ಲಿ ಹಳೆಯ ಕಾಲದ ಹೀಟರು, ಅಷ್ಟೇ.

ಇಬ್ಬರೂ ಸೇರಿ ಇಟ್ಟಿಗೆ ಕಿತ್ತರು. ಮೊದಲಿಗೆ ಅವನು ಒಳಗಿನ ಕೆಂಡವನ್ನೆಲ್ಲ ಕಬ್ಬಿಣದ ಬಕೆಟ್ಟಿಗೆ ತೋಡಿಕೊಂಡು, ದನಗಳಿಗೆ ನೀರು ಕಾಯಿಸುವ ಕೊಟ್ಟಿಗೆಯ ಒಲೆಗೆ ಸಾಗಿಸಿದ. ಜೋಪಾನದ ಮನುಷ್ಯ ಎಂದುಕೊಂಡಳು. ಸಂಜೆಯ ಹೊತ್ತಿಗೆ ಇಬ್ಬರ ಮೈಯೂ ಮಸಿ. ಅವಳ ಮೂಗಿನ ತುದಿಯ ಮಸಿಯನ್ನು ಅವನು ಹೆಬ್ಬೆರಳಿನಿಂದ ಒರೆಸಲು ಹೋಗಿ ಇನ್ನಷ್ಟು ಬಳಿದ. ಅವಳು ಕನ್ನಡಿ ಕೇಳಿದಳು. ಅವನು ಕೊಡಲಿಲ್ಲ.

"ಚೆನ್ನಾಗೇ ಇದೆ," ಎಂದ. ಹಾಗೆಂದವನು ಹೆಬ್ಬೆರಳನ್ನು ಅಲ್ಲಿಂದ ತೆಗೆಯುವುದನ್ನೇ ಮರೆತ.

ಒಲೆಯಿದ್ದ ಜಾಗದಲ್ಲಿ ಆರು ಕಾರ್ಡುಗಳ ಚೌಕಟ್ಟು ನಿಂತಿತು. ಅವಳು ಒಂದೊಂದಕ್ಕೂ ಹೋಗುವ ಕರೆಂಟನ್ನು ಚೂರು ಚೂರೇ ಇಳಿಸಿ, ಫ್ಯಾನಿನ ಸದ್ದು ಬೆಕ್ಕು ನಿದ್ದೆಹೋಗುವಷ್ಟು ತಗ್ಗುವವರೆಗೆ ತಿದ್ದಿದಳು. ವ್ಯಾನು ಹತ್ತುವಾಗ ಅವಳ ಕೋಟಿನ ಜೇಬಿನಲ್ಲಿ ಬಿಸಿ ಬಿಸಿ ಬೂಜಾಗಳ ಡಬ್ಬಿಯಿತ್ತು. ಹಬೆಯಲ್ಲಿ ಬೆಂದ ಆ ಮಾಂಸದ ಕಡುಬುಗಳನ್ನು ಅವನೇ ಮಡಚಿದ್ದ, ಸೊಟ್ಟ ಸೊಟ್ಟವಾಗಿ. ದಾರಿಯುದ್ದಕ್ಕೂ ಅವಳು ಆ ಡಬ್ಬಿಯನ್ನು ಹಿಡಿದುಕೊಂಡೇ ಇದ್ದಳು.

ಆಮೇಲೆ ದಿನವೂ ಸಂಜೆ ಒಂದು ಫೋನು.

"ಎಷ್ಟು ಡಿಗ್ರಿ?" ಎಂದು ಇವಳು ಕೇಳುವುದು, "ಅರವತ್ತೆರಡು" ಎಂದು ಅವನು ಹೇಳುವುದು. ಅಲ್ಲಿಗೆ ಕೆಲಸದ ಮಾತು ಮುಗಿಯುತ್ತಿತ್ತು. ಉಳಿದದ್ದು ಯಾರ ಹಸು ಏನು ನುಂಗಿತು, ಯಾವ ಗಿರಾಕಿ ಕಾರ್ಡನ್ನು ಫ್ರಿಜ್ಜಿನೊಳಗಿಟ್ಟು ಕೆಡಿಸಿಕೊಂಡ ಎಂಬ ಪುರಾಣ. ಗಳಿಸಿದ ನಾಣ್ಯದ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ದಿನ ಅವನು ಐವತ್ತೆಂಟು ಎಂದ. ಬಹಳ ಚೆನ್ನಾಗಿದೆಯಲ್ಲ, ಮತ್ತೇಕೆ ಫೋನು ಎಂದು ಇವಳು ಕೆಣಕಿದಳು.

"ಚೆನ್ನಾಗಿದೆ ಅಂತ ಹೇಳೋಕೇ," ಎಂದ ಸೊಲ್ಬೊನ್. ಫೋನಿಟ್ಟ ಮೇಲೆ ಅವಳು ಎದುರು ನಿಂತ ಗಿರಾಕಿಗೆ ಚಿಲ್ಲರೆಯನ್ನು ಎರಡು ಸಲ ಕೊಟ್ಟಳು.

ಜನವರಿಯಲ್ಲಿ ಒಂದು ಕಾರ್ಡ್ ಸತ್ತಿತು. ಫೋನಿನಲ್ಲಿ ಅವನ ದನಿ ಅಳುಬುರುಕವಾಗಿತ್ತು, ಅವನ ಕೈಯಲ್ಲಿ ಕರು ಸತ್ತಿದ್ದರೂ ಅಷ್ಟು ಸಪ್ಪಗಾಗುತ್ತಿದ್ದನೋ ಇಲ್ಲವೋ. ಎರ್ಜೆನಾ ಮತ್ತೆ ವ್ಯಾನು ಹತ್ತಿದಳು. ಹೋಗಿ ನೋಡಿದರೆ ಮಹಾಶಯ ಕಾರ್ಡುಗಳಿಗೆ ತಂಪು ಸಿಗಲೆಂದು ಕಿಟಕಿಯಿಂದ ಒಂದು ಕೊಳವೆ ಎಳೆದು, ಹೊರಗಿನ ಮೈನಸ್ ಮೂವತ್ತರ ಗಾಳಿಯನ್ನು ನೇರ ಅವುಗಳ ಮೈಮೇಲೆ ಬಿಟ್ಟಿದ್ದ. ನಡುವೆ ಕರೆಂಟು ಹೋಗಿದೆ, ಕಾರ್ಡು ಐಸಿನಷ್ಟು ತಣ್ಣಗಾಗಿವೆ. ಅದೇ ಹೊತ್ತಿಗೆ ಪಕ್ಕದಲ್ಲೇ ಗ್ಯಾಸಿನ ಮೇಲೆ ಬೂಜಾ ಬೇಯುತ್ತಿತ್ತು. ಚಳಿಯಿಂದ ಒಳಗೆ ಬಂದವರ ಕನ್ನಡಕಕ್ಕೆ ಮಂಜು ಕಟ್ಟುವ ಹಾಗೆ ಆ ಹಬೆಯೆಲ್ಲ ಕಾರ್ಡುಗಳ ಮೇಲೆ ಹನಿಗಟ್ಟಿದೆ. ಕರೆಂಟು ಬಂದದ್ದೇ ಒಂದು ಢಂ ಎಂದಿದೆ.

"ಆಗಷ್ಟೇ ಹುಟ್ಟಿದ ಕರೂನ ತಂಪಾಗ್ಲಿ ಅಂತ ಹಿಮದಲ್ಲಿಡ್ತೀರಾ, ಡಾಕ್ಟ್ರೇ?"

"ಇಲ್ಲ."

"ಮತ್ತೆ?"

ಉತ್ತರ ಮಂಚದ ಕಡೆಯಿಂದ ಬಂತು. "ಬೈಯಿ ಮಗಳೇ, ಚೆನ್ನಾಗಿ ಬೈಯಿ. ನಾನು ಬೈದ್ರೆ ನಗ್ತಾನೆ."

ಅದು ಅಜ್ಜಿ ಮಾರ್ಫಾ. ಚಿಕ್ಕ ದೇಹ, ಹೂವಿನ ಸ್ಕಾರ್ಫು, ಚೂಪು ಕಣ್ಣು. ಅವರು ಎರ್ಜೆನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟು, ಯಾರ ಪೈಕಿ ನೀನು ಎಂದು ವಿಚಾರಿಸಿದರು. ಯಾವ ಕುಲ, ತಾತನ ಹೆಸರೇನು, ಮುತ್ತಾತನ ಊರು ಯಾವುದು? ಎರ್ಜೆನಾಳಿಗೆ ಒಂದೂ ಗೊತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗಲೇ ತಂದೆ ದೂರದ ಊರಿಗೆ ಹೋಗಿ ಅಲ್ಲೇ ನಿಂತುಬಿಟ್ಟ, ತಾಯಿ ತೀರಿಕೊಂಡು ಆರೇಳು ವರ್ಷ. ಅಲ್ಲಿನ ಬುರ್ಯಾತ್ ಜನಾಂಗದ ಹುಡುಗಿಗೆ ತನ್ನ ಕುಲ ಗೊತ್ತಿಲ್ಲವೆಂದರೆ ಮುಖ ತಗ್ಗಿಸುವಂಥ ಸಂಗತಿ. ಅಜ್ಜಿ ಅವಳ ಗಲ್ಲ ಹಿಡಿದೆತ್ತಿ, ಹುಡುಕಿಸೋಣ ಬಿಡು ಎಂದರು.

ಆ ವಾರವೇ ಹುಡುಕಿಸಿದರು. ಎಲ್ಲೆಲ್ಲಿಗೋ ಫೋನು ಹಚ್ಚಿ, ತಂದೆ ಹುಟ್ಟಿದ ಊರಿನ ಮುದುಕಿಯರನ್ನೆಲ್ಲ ಎಬ್ಬಿಸಿ, ಕುಲ ಪತ್ತೆ ಮಾಡಿಬಿಟ್ಟರು. ಸೊಲ್ಬೊನ್‌ನ ಕುಲ ಅಲ್ಲ ಎಂದು ಖಾತ್ರಿಯಾದ ಮೇಲಂತೂ ಅವರ ಖುಷಿ ಹೇಳತೀರದು. ಒಂದೇ ಕುಲದವರು ಮದುವೆಯಾಗುವ ಹಾಗಿಲ್ಲ. ಮದುವೆಯ ಮಾತೇ ಹೊರಡದಿರುವಾಗ ಈ ಖುಷಿ ಯಾಕೆಂದು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಆ ಭೇಟಿಯಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆದಿತ್ತು. ಚಹಾ ಬಗ್ಗಿಸಿದ ಕೂಡಲೇ ಅಜ್ಜಿ ಮೊದಲ ಚಮಚವನ್ನು ಯಾರಿಗೂ ಕೊಡದೆ ಎತ್ತಿಕೊಂಡು, ಕೋಣೆಯ ನಡುವಿನತ್ತ ಎರಡು ಹೆಜ್ಜೆ ಇಟ್ಟು ನಿಂತರು. ಮಷೀನನ್ನು ನೋಡಿದರು. ಆಮೇಲೆ ಕೋಟು ಹೊದ್ದು, ಆ ಚಮಚದೊಂದಿಗೇ ಕುಂಟುತ್ತ ಹೊರಗೆ ಹೋದರು. ದನಗಳನ್ನು ನೋಡಲು ಹೋದರೇನೋ ಎಂದು ಎರ್ಜೆನಾ ಅಂದುಕೊಂಡಳು.

ಫೆಬ್ರವರಿಯಲ್ಲಿ ಬುರ್ಯಾತರ ಹೊಸವರ್ಷದ ಹಬ್ಬಕ್ಕೆ ಸೊಲ್ಬೊನ್ ಕರೆದ. ಈ ಸಲ ಚೀಲದಲ್ಲಿ ಕಾರ್ಡ್ ಇರಲಿಲ್ಲ, ಅಜ್ಜಿಗೊಂದು ಶಾಲು ಇತ್ತು. ಊಟವಾಗಿ ಅಜ್ಜಿ ಪಕ್ಕದ ಮನೆಗೆ ಹೋದಾಗ ಅವನು ಚೌಕಟ್ಟಿನ ಮುಂದೆ ಬಗ್ಗಿ, ಫ್ಯಾನಿನಲ್ಲಿ ಬೆಕ್ಕಿನ ಕೂದಲು ಸಿಕ್ಕಿದೆ ಬಾ ನೋಡು ಎಂದ. ಅವಳು ಬಂದು ಬಗ್ಗಿದಳು. ಬೆಚ್ಚನೆಯ ಗಾಳಿ ಇಬ್ಬರ ಮುಖಕ್ಕೂ ಬೀಸುತ್ತಿತ್ತು.

"ಕೂದಲೆಲ್ಲಿದೆ?"

"ಇಲ್ಲ."

ಅವಳು ತಿರುಗಿದಳು. ಅವನ ಕಿವಿ ಕೆಂಪಾಗಿತ್ತು. ದೊಡ್ಡ ದೊಡ್ಡ ಗೂಳಿಗಳನ್ನು ಕೊಂಬು ಹಿಡಿದು ನಿಲ್ಲಿಸುವ ಮನುಷ್ಯ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ.

"ಎರ್ಜೆನಾ, ಮಷೀನು ಚೆನ್ನಾಗೇ ಇದೆ. ಇನ್ನು ಏನು ಕೆಟ್ಟುಹೋಗಿದೆ ಅಂತ ನಿನ್ನ ಕರೀಲಿ? ನೆಪಗಳೆಲ್ಲ ಮುಗಿದ್ವು. ನೀನು ಇಲ್ಲೇ ಇದ್ದುಬಿಡು."

ಅವನನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ಐವತ್ತೆಂಟು ಡಿಗ್ರಿಯ ಸಂಜೆಯಿಂದಲೇ ಗೊತ್ತಿತ್ತು. ಒದ್ದಾಡುತ್ತಿದ್ದ ಆ ಕೈಗಳನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

ಅಜ್ಜಿ ಬಂದಾಗ ಹೇಳಿದರು. ಅಜ್ಜಿ ಅವಳ ತಲೆ ಮೂಸಿ, ಹಣೆಗೆ ಮುತ್ತಿಟ್ಟು, ಎರಡೂ ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಮಂಚದ ಮೇಲೆ ಕೂತು ಮಷೀನಿನತ್ತ ನೋಡಿದರು.

"ಯಾಕಜ್ಜಿ?" ಎಂದ ಸೊಲ್ಬೊನ್.

"ಹುಡುಗಿ ಬಂಗಾರ. ನಂಗೆ ಒಪ್ಪಿಗೆ. ಆದ್ರೆ ಅವಳನ್ನ ಯಾವುದರ ಮುಂದೆ ತಂದು ನಿಲ್ಲಿಸ್ಲಿ, ಮಗಾ?"

ಅಷ್ಟು ಹೇಳಿ, ಮೇಜಿನಿಂದ ಒಂದು ಚಮಚ ಬೆಣ್ಣೆ ತೆಗೆದುಕೊಂಡು ಹೊರಗೆ ಹೊರಟರು. ಎರ್ಜೆನಾ ಕೋಟಿಗೂ ಕಾಯದೆ ಹಿಂದೆಯೇ ಹೋದಳು.

ಕೊಟ್ಟಿಗೆಯಲ್ಲಿ ಹಸುಗಳ ಬಿಸಿ ಉಸಿರು ತುಂಬಿತ್ತು. ಮೂಲೆಯ ಕಬ್ಬಿಣದ ಒಲೆಯ ಬಾಗಿಲು ತೆಗೆದು ಅಜ್ಜಿ ಬೆಣ್ಣೆಯನ್ನು ಬೆಂಕಿಗೆ ಹಾಕಿದರು. ಉರಿ ಒಮ್ಮೆ ಎದ್ದು ತಗ್ಗಿತು. ತುಟಿಯಲ್ಲೇ ಏನೋ ಹೇಳಿಕೊಂಡು, ಬಾಗಿಲು ಮುಚ್ಚಿ, ತಿರುಗಿ ನೋಡಿದಾಗ ಎರ್ಜೆನಾ ನಡುಗುತ್ತ ನಿಂತಿದ್ದಳು. ಅಜ್ಜಿ ತಮ್ಮ ಹೊಸ ಶಾಲನ್ನೇ ತೆಗೆದು ಅವಳಿಗೆ ಹೊದಿಸಿದರು.

ದಿನಾ ಇಲ್ಲಿಗೇ ಬರುತ್ತೀರಾ ಎಂದು ಅವಳು ಕೇಳಿದಳು. ಹೌದು ಎಂದರು ಅಜ್ಜಿ. ಆಸ್ಪತ್ರೆಯಿಂದ ಬಂದ ದಿನ ಒಲೆ ಕಾಣದೆ ಮೊದಲು ಮನೆ ತಪ್ಪಿ ಬಂದೆನೇನೋ ಅನ್ನಿಸಿತಂತೆ. ಮೊಮ್ಮಗನ ಮುಖದಲ್ಲಿದ್ದ ಸಂಭ್ರಮ ನೋಡಿ ಬಾಯಿ ಮುಚ್ಚಿಕೊಂಡರಂತೆ.

"ಒಲೆ ತೆಗೀರಿ ಅಂತ ಹೇಳಿದ್ದು ನಾನಜ್ಜಿ," ಎಂದಳು ಎರ್ಜೆನಾ. "ಅವರು ನಿಮ್ಮನ್ನ ಕೇಳೋಣ ಅಂದ್ರು. ನಾನೇ ಬೇಡ ಅಂದೆ."

"ಗೊತ್ತು. ಅವನು ಹೇಳಿಲ್ಲ. ಆದ್ರೆ ಅವನಿಗೆ ಅಷ್ಟು ಧೈರ್ಯ ಎಲ್ಲಿದೆ?" ಅಜ್ಜಿ ಮೆಲ್ಲಗೆ ನಕ್ಕರು. "ನಿನ್ನ ಮಷೀನಿನ ಮೇಲೆ ಕೋಪ ಇಲ್ಲ ಮಗಳೇ. ಮಂಡಿ ಬೆಚ್ಚಗಿಟ್ಟಿದೆ. ಆದ್ರೆ ಅದು ಏನೂ ತಿನ್ನಲ್ಲ. ನಮ್ಮ ಬೆಂಕಿ ನನ್ನ ಕೈಯ ಬೆಣ್ಣೆ ತಿಂದು ನನ್ನ ಗುರುತು ಹಿಡಿದಿದ್ದು. ನಾನು ಸೊಸೆಯಾಗಿ ಬಂದ ದಿನ ಅತ್ತೆ ನನ್ನ ಹೆಸರು ಬೆಂಕಿಗೆ ಹೇಳಿದ್ರು. ಅವತ್ತಿಂದ ನಾನು ಈ ಮನೆಯವಳು. ನಿನ್ನ ಹೆಸರನ್ನ ನಾನು ಯಾರಿಗೆ ಹೇಳ್ಲಿ?"

ಎರ್ಜೆನಾ ತಾನು ಕಾಲಿಡಬೇಕಾದ ಬಾಗಿಲನ್ನು ತಾನೇ ಇಟ್ಟಿಗೆ ಇಟ್ಟಿಗೆಯಾಗಿ ಕಿತ್ತು ಹಾಕಿದ್ದಳು, ಅದೂ ನಗುನಗುತ್ತ.

ಸೊಲ್ಬೊನ್ ಸಮಾಧಾನ ಹೇಳಲು ನೋಡಿದ. ನಗರದಲ್ಲಿ ರಿಜಿಸ್ಟರ್ ಮಾಡಿಸೋಣ, ಹೋಟೆಲಿನಲ್ಲಿ ಊಟ ಹಾಕಿಸೋಣ, ಅಂಗಳದಲ್ಲಿ ನಾಲ್ಕು ಸೌದೆ ಉರಿಸಿ ಅಜ್ಜಿಯ ಶಾಸ್ತ್ರವನ್ನೂ ಮುಗಿಸೋಣ ಎಂದ. ಈಗ ಎಷ್ಟೋ ಜನ ಹಾಗೇ ಮಾಡುತ್ತಾರೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಎರ್ಜೆನಾಳ ಕಣ್ಣಲ್ಲಿ ನೀರು ತುಂಬಿತು.

"ನಾನು ಬೇಡ ಅಂತಿಲ್ಲ ಸೊಲ್ಬೊನ್. ಆದ್ರೆ ಅಂಗಳದಲ್ಲಿ ಬೇಡ. ಅಮ್ಮ ಹೋದ್ಮೇಲೆ ಇವಳು ನಮ್ಮವಳು ಅಂತ ಯಾರೂ ಯಾರಿಗೂ ಹೇಳಿಲ್ಲ. ಆರನೇ ಮಹಡೀಲಿ ಯಾರು ಹೇಳ್ತಾರೆ, ಯಾರಿಗೆ ಹೇಳ್ತಾರೆ? ಅಜ್ಜಿ ಹೇಳ್ತೀನಿ ಅಂತಿದ್ದಾರೆ. ನಂಗೆ ಅದು ಬೇಕು. ಮನೆ ಒಳಗೆ, ನಡುಮನೇಲಿ ಬೇಕು."

ಅವನು ಅವಳ ಕೈ ಹಿಡಿದು, ಕೊಟ್ಟಿಗೆಯ ಹಿಂಬದಿಗೆ ಕರೆದೊಯ್ದ. ಹಿಮ ಗುಡಿಸಿ, ಮೇಲಿದ್ದ ಟಾರ್ಪಾಲು ಎಳೆದ. ಒಲೆಯ ಇಟ್ಟಿಗೆಗಳು ಅಲ್ಲಿದ್ದವು. ಒಡೆದವು ಒಂದು ಕಡೆ, ಗಟ್ಟಿಯವು ಒಂದು ಕಡೆ, ಮಣ್ಣು ಕೆರೆದು ಒಪ್ಪವಾಗಿ ಪೇರಿಸಿದ್ದ.

"ಎಸೆಯೋಕೆ ಮನಸ್ಸು ಬರ್ಲಿಲ್ಲ," ಎಂದ. "ಕೆಂಡಾನೂ ಅಷ್ಟೇ. ಅವತ್ತು ಬಕೆಟ್ಟಲ್ಲಿ ತಂದಿದ್ನಲ್ಲ, ಅದೇ ಇನ್ನೂ ಉರೀತಿದೆ. ನಾನು ಇದನ್ನೆಲ್ಲ ನಂಬೋನಲ್ಲ ಅಂತ ಫೋನಲ್ಲಿ ನಿನ್ನ ಹತ್ರ ಕೊಚ್ಚಿಕೊಂಡಿದ್ದೆ. ಆಮೇಲೆ ಹೇಳೋಕೆ ನಾಚಿಕೆಯಾಯ್ತು."

ಎರ್ಜೆನಾ ಅಳುತ್ತಲೇ ನಕ್ಕಳು. ಅವನ ಕೋಟಿನ ಎದೆಗೆ ಹಣೆಯೊತ್ತಿ, ನೀನೊಬ್ಬ ದಡ್ಡ ಡಾಕ್ಟರು ಎಂದಳು. ಅವನು ಒಪ್ಪಿಕೊಂಡ.

ಅಲ್ಲಿಂದ ಅವಳು ಕಣ್ಣೊರೆಸಿಕೊಂಡು ಬಂದವಳೇ ಕೈಗೆ ಟೇಪು ತೆಗೆದುಕೊಂಡಳು. ಮನೆಗೆ ಒಲೆ ಬರಬೇಕು, ಅಜ್ಜಿಯ ಮಂಡಿಗೆ ಮಷೀನಿನ ಬಿಸಿಯೂ ತಪ್ಪಬಾರದು. ಬಾಗಿಲ ಆಚೆ ಬೂಟು, ಕೋಟು, ಸೌದೆ ಇಡುವ ತಣ್ಣನೆಯ ಮುಂಗೋಣೆಯೊಂದಿತ್ತು. ಮಷೀನು ಅಲ್ಲಿಗೆ ಹೋಗಬಹುದು. ಗೋಡೆಯಲ್ಲಿ ಎರಡು ಕಿಂಡಿ: ಮೇಲಿನದರಿಂದ ಬಿಸಿಗಾಳಿ ಮನೆಯೊಳಗೆ, ಕೆಳಗಿನದರಿಂದ ಮನೆಯ ಗಾಳಿ ಮರಳಿ ಮಷೀನಿಗೆ. ಹೊರಗಿನ ಚಳಿಯನ್ನು ಬೇಕಾದಷ್ಟೇ ಬೆರೆಸಲು ಒಂದು ತಗಡಿನ ಮುಚ್ಚಳ. ಅಡುಗೆಯ ಹಬೆ ಅಲ್ಲಿಗೆ ತಾಕುವುದಿಲ್ಲ. ಲೆಕ್ಕ ಹಾಕುತ್ತ ಹಾಕುತ್ತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ನಡುಮನೆಗಿಂತ ಇದೇ ಒಳ್ಳೆಯ ಜಾಗ. ನವೆಂಬರಿನಲ್ಲೂ ಇದೇ ಒಳ್ಳೆಯ ಜಾಗವಾಗಿತ್ತು. ಒಲೆ ಇಲ್ಲದ ಮನೆಯಲ್ಲಿ ಬೆಳೆದ ಕಣ್ಣಿಗೆ ಒಲೆಯಿದ್ದ ಜಾಗ ಖಾಲಿ ಜಾಗದಂತೆಯೇ ಕಂಡಿತ್ತು.

ಒಲೆ ಕಟ್ಟಲು ಪಕ್ಕದ ಹಳ್ಳಿಯ ಅಫನಾಸಿ ಬಂದ. ಅವನಿಗೆ ಅಜ್ಜಿ ಸ್ಟೂಲು ಹಾಕಿಕೊಂಡು ಕೂತು ಮೂರು ದಿನ ಬುದ್ಧಿ ಹೇಳಿದರು. ಮೂರನೇ ದಿನ ಅವನು, ನಾನು ಮನೆಗೆ ಹೋಗುತ್ತೇನೆ, ನೀವೇ ಕಟ್ಟಿಕೊಳ್ಳಿ ಎಂದು ಮುನಿಸಿಕೊಂಡ. ಎರ್ಜೆನಾ ಹೆಚ್ಚು ಬೂಜಾ ಬಡಿಸಿ ಅವನನ್ನು ಉಳಿಸಿಕೊಂಡಳು. ಅವಳು ರಜೆ ಹಾಕಿ ಬಂದು ಅಜ್ಜಿಯ ಜೊತೆಯಲ್ಲೇ ಮಲಗುತ್ತಿದ್ದಳು. ಸೊಲ್ಬೊನ್‌ನನ್ನು ಅಜ್ಜಿ ಪಕ್ಕದ ಮನೆಗೆ ಅಟ್ಟಿದ್ದರು.

ಹಸಿ ಒಲೆಗೆ ತಕ್ಷಣ ಬೆಂಕಿ ಹಾಕಿದರೆ ಮಣ್ಣು ಸೀಳುತ್ತದೆ, ಚಳಿಗಾಲದಲ್ಲಿ ಒಣಗುವುದೂ ಇಲ್ಲ, ಬೇಸಿಗೆಯವರೆಗೆ ಕಾಯಿರಿ ಎಂದು ಅಫನಾಸಿ ಹೇಳಿಹೋದ. ಸೊಲ್ಬೊನ್‌ನ ಮುಖ ನೋಡುವಂತಿರಲಿಲ್ಲ. ಎರ್ಜೆನಾ ಮುಂಗೋಣೆಯ ಕಿಂಡಿಯಿಂದ ಒಲೆಯ ಬಾಯಿಯವರೆಗೆ ಒಂದು ಬಟ್ಟೆಯ ಕೊಳವೆ ಹೊಲಿದು ಹಾಕಿದಳು. ಉಳಿದ ಐದು ಕಾರ್ಡುಗಳ ಬೆಚ್ಚನೆಯ ಉಸಿರು ಹಗಲೂ ರಾತ್ರಿ ಹಸಿ ಇಟ್ಟಿಗೆಗಳ ಸಂದುಗೊಂದುಗಳಲ್ಲಿ ಹಾಯ್ದಿತು. ಜೋರಾಗಿ ಒಣಗಬಾರದೆಂದು ಅವಳು ದಿನವೂ ಒಂದಿಷ್ಟೇ ಬಿಸಿ ಏರಿಸುತ್ತ, ಅಂಗೈಯಿಟ್ಟು ಮುಟ್ಟಿ ನೋಡುತ್ತ, ರಜೆ ಮುಗಿದ ಮೇಲೆ ಫೋನಿನಲ್ಲಿ ವಿಚಾರಿಸುತ್ತ ಇದ್ದಳು. ಈಗ ಡಿಗ್ರಿ ಹೇಳುವವರು ಅಜ್ಜಿ.

ಒಂದು ಬೆಳಿಗ್ಗೆ ಸೊಲ್ಬೊನ್ ನೋಡುತ್ತಾನೆ, ಅಜ್ಜಿ ಮುಂಗೋಣೆಯಲ್ಲಿ ನಿಂತು ಮಷೀನಿನ ಧೂಳು ಒರೆಸುತ್ತಿದ್ದಾರೆ. ನೋಡಿಬಿಟ್ಟನೆಂದು ಗೊತ್ತಾಗಿ ಸ್ವಲ್ಪ ನಾಚಿದರು.

"ಏನೂ ತಿನ್ನಲ್ಲ ನಿಜ," ಎಂದರು. "ಆದ್ರೆ ಕೆಲಸಕ್ಕೆ ಹಿಂದೆ ಬೀಳಲ್ಲ. ಇದೂ ಮನೇಲಿ ಒಂದಾಗಿ ಇರ್ಲಿ."

ಮಾರ್ಚ್ ಕೊನೆಗೆ ಮದುವೆ. ಹೊರಗೆ ಹಿಮ ಕರಗಿ ಸೂರಿನಿಂದ ಹನಿ ಬೀಳುತ್ತಿತ್ತು. ಮನೆ ತುಂಬ ಜನ, ಅಂಗಳ ತುಂಬ ಬೂಟು. ನಗರದಿಂದ ಎರ್ಜೆನಾಳ ಕಡೆಯವರೆಂದು ಬಂದದ್ದು ಅಂಗಡಿಯ ಇಬ್ಬರು ಗೆಳತಿಯರು. ತಂದೆ ಬರಲಿಲ್ಲ, ಫೋನು ಮಾಡಿ ಹರಸಿದ್ದ. ಅದು ಅವಳಿಗೆ ಬೆಳಗಿನಿಂದ ಒಳಗೊಳಗೇ ಚುಚ್ಚುತ್ತಿತ್ತು.

ಸೊಲ್ಬೊನ್ ಕೊಟ್ಟಿಗೆಯಿಂದ ಕಬ್ಬಿಣದ ಬಕೆಟ್ಟಿನಲ್ಲಿ ಕೆಂಡ ತಂದ. ಎಲ್ಲರೂ ದಾರಿ ಬಿಟ್ಟರು. ನಡುಮನೆಯ ಹೊಸ ಒಲೆಗೆ ಸುಣ್ಣ ಬಳಿದಿತ್ತು. ಒಳಗಿನ ಇಟ್ಟಿಗೆಯೆಲ್ಲ ಹಳೆಯದೇ. ಅಜ್ಜಿ ಕೆಂಡವನ್ನು ಒಲೆಗೆ ಸುರಿದು, ತೆಳ್ಳನೆಯ ಸೌದೆ ಇಟ್ಟು ಊದಿದರು. ಹಿಡಿಯುತ್ತದೋ ಇಲ್ಲವೋ ಎಂದು ಎರ್ಜೆನಾ ಉಸಿರು ಬಿಗಿಹಿಡಿದಿದ್ದಳು. ಹೊಗೆ ಒಮ್ಮೆ ಕೋಣೆಯತ್ತ ತಿರುಗಿ, ಮನಸ್ಸು ಬದಲಿಸಿ ಕೊಳವೆಯನ್ನೇರಿತು. ಸೌದೆ ಚಟಪಟ ಎಂದಿತು.

ಅಜ್ಜಿ ಅವಳ ಅಂಗೈಯಲ್ಲಿ ಬೆಣ್ಣೆಯ ಉಂಡೆ ಇಟ್ಟರು. ಅವಳು ಮಂಡಿಯೂರಿ, ಮೂರು ಸಲ ತಲೆಬಾಗಿ, ಬೆಣ್ಣೆಯನ್ನು ಬೆಂಕಿಗೆ ಕೊಟ್ಟಳು. ಅವಳ ತಲೆಯ ಮೇಲೆ ಅಜ್ಜಿಯ ಒರಟು ಕೈ ಇತ್ತು.

"ಇವಳ ಹೆಸರು ಎರ್ಜೆನಾ," ಎಂದರು ಅಜ್ಜಿ, ಪಕ್ಕದ ಮನೆಯ ಹಳೆಯ ಗೆಳತಿಗೆ ಹೇಳುವ ದನಿಯಲ್ಲಿ. ಅವಳ ತಾತ, ಮುತ್ತಾತಂದಿರ ಹೆಸರುಗಳನ್ನು, ಮೊದಲು ಅವಳಿಗೇ ಗೊತ್ತಿಲ್ಲದಿದ್ದ ಕುಲದ ಹೆಸರನ್ನು, ಒಂದೂ ಬಿಡದೆ ಹೇಳಿದರು. ಕೊನೆಗೆ ಅವಳ ತಾಯಿಯ ಹೆಸರನ್ನೂ ಹೇಳಿದರು. "ಗುರುತಿಟ್ಟುಕೋ. ಇವಳು ನಮ್ಮವಳು."

ಬೆಣ್ಣೆಗೆ ಉರಿ ಭಗ್ಗನೆ ಎದ್ದಿತು. ಅದರ ಬಿಸಿ ಎರ್ಜೆನಾಳ ಒದ್ದೆ ಕೆನ್ನೆಗಳಿಗೆ ತಾಕಿತು.

ಸೊಲ್ಬೊನ್ ಪಕ್ಕದಲ್ಲಿ ಮಂಡಿಯೂರಿ ಅವಳ ಕಿವಿಯತ್ತ ಬಗ್ಗಿದ. "ಎಷ್ಟು ಡಿಗ್ರಿ?" ಎಂದ ಪಿಸುಮಾತಿನಲ್ಲಿ.

"ಗೊತ್ತಿಲ್ಲ," ಎಂದಳು ಎರ್ಜೆನಾ. ಅಳೆದು ನೋಡಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಅವಳು ಅವನ ಕೈ ಹಿಡಿದುಕೊಂಡು ಅಲ್ಲೇ, ಒಲೆಯ ಮುಂದೆ, ಇನ್ನೂ ಸ್ವಲ್ಪ ಹೊತ್ತು ಕೂತಳು.